ಬಾಚಣಿಗೆಯಷ್ಟು ತೂಕ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಲು ಕೂತರೆ ಸ್ವಲ್ಪ ಹೊತ್ತಿಗೆಲ್ಲ ಹೆಬ್ಬೆರಳೂ ತೋರುಬೆರಳೂ ಅಂಟಿಕೊಂಡು ಒಂದೇ ಬೆರಳಾಗಿಬಿಡುತ್ತವೆ. ಕಂಪ್ಯೂಟರು ಕೂಗುವುದಕ್ಕೆ ಆ ಗಳಿಗೆಯನ್ನೇ ಕಾದುಕೊಂಡಿತ್ತು. ಮೊಣಕೈಯಿಂದ ಮೊರವನ್ನು ಅತ್ತ ಸರಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮೌಸನ್ನು ಮೆಲ್ಲಗೆ ಅದುಮಿದೆ. ಪರದೆಯ ಮೇಲೆ ದೇವೀರಿ ಬಂದಳು. ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಹಣೆ ಬಂತು, ಆಮೇಲೆ ಕನ್ನಡಕ, ಅದಾಗಿ ಎಷ್ಟೋ ಹೊತ್ತಿಗೆ ಬಾಯಿ.

“ಏನೇ ಹೊನ್ನಿ, ಮದುವೆ ಹೆಣ್ಣಿನಂಗೆ ಕೈಗೆ ಸೆರಗು ಸುತ್ಕೊಂಡಿದೀಯ?”

“ಹುಣಸೆಹಣ್ಣು ಕಣೆ.”

“ಈ ಸಲದ್ದು ಹೆಂಗೈತೆ?”

“ನಿನ್ನಂಗೇ ಐತೆ. ಬರೀ ನಾರು.”

ಅವಳು ನಕ್ಕಿದ್ದು ಕಣ್ಣಿಗೆ ಕಂಡಿತು, ಕಿವಿಗೆ ಬರಲು ಇನ್ನಷ್ಟು ಹೊತ್ತು ಹಿಡಿಯಿತು. ನಗು ಬಂದು ತಲುಪುವಷ್ಟರಲ್ಲಿ ಅವಳು ನಗುವುದನ್ನು ಬಿಟ್ಟು ಪರದೆಯ ಹತ್ತಿರಕ್ಕೆ ಬಗ್ಗಿದ್ದಳು. “ಹೊನ್ನಿ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಾನೇನಾದ್ರೂ ನಿಮ್ಮನೇಗೆ...”

ಅಲ್ಲಿಗೆ ನಿಂತಿತು. ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ದೇವೀರಿ ಹಾಗೇ ಉಳಿದುಬಿಟ್ಟಳು. ನಾನು ಮೊರವನ್ನು ಮತ್ತೆ ಎಳೆದುಕೊಂಡು ಅವಳ ಮುಖದ ಮುಂದೆಯೇ ಬೀಜ ಬಿಡಿಸತೊಡಗಿದೆ. ಈ ಮಾತನ್ನು ಅವಳು ಶುರುಮಾಡಿದ್ದು ಅದೇ ಮೊದಲಲ್ಲ. ಪ್ರತಿ ಸಲವೂ ಕಂಪ್ಯೂಟರು ಅಲ್ಲಿಗೇ ಬಂದು ಉಸಿರು ಕಟ್ಟುತ್ತಿತ್ತು, ಪ್ರತಿ ಸಲವೂ ನಾನು ಒಳಗೊಳಗೇ ಅದರ ತಲೆ ನೇವರಿಸುತ್ತಿದ್ದೆ. ಕೇಳದ ಮಾತಿಗೆ ಉತ್ತರ ಕೊಡಬೇಕಾಗಿಲ್ಲವಲ್ಲ.

ನಮ್ಮೂರಿನ ಮನೆಗಳಿಗೆ ಒಂದೊಂದಕ್ಕೂ ಅದರದರ ತೂಕವಿದೆ. ಇರಲೆಂದು ಒಂದು ವಸ್ತು ಒಳಗೆ ಬಂದರೆ ಅಷ್ಟೇ ತೂಕದ ಇನ್ನೊಂದು ಹೊರಗೆ ಹೋಗಬೇಕು. ಹೋಗದಿದ್ದರೆ ಮನೆ ಒಂದು ಬೆರಳು ಕೆಳಗಿಳಿಯುತ್ತದೆ, ಬಾಗಿಲು ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಬಚ್ಚಲ ನೀರು ಹಿಂದಕ್ಕೆ ಬರುತ್ತದೆ. ಅದಕ್ಕೇ ಎಲ್ಲರ ಮನೆಯ ಬಾಗಿಲ ಮೇಲ್ಪಟ್ಟಿಗೂ, ಬೇರೆ ಊರಿನವರು ತೋರಣ ಕಟ್ಟುವ ಜಾಗದಲ್ಲಿ, ಒಂದು ತಕ್ಕಡಿ ತೂಗಾಡುತ್ತಿರುತ್ತದೆ. ಅಕ್ಕಿ, ಬೇಳೆ, ಹುಣಸೆಹಣ್ಣಿಗೆಲ್ಲ ಮನೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವು ಬೆಂದು ಕರಗಿ ಹೋಗುವಂಥವು. ಯಾವುದು ಉಳಿಯಲು ಬಂದದ್ದು, ಯಾವುದು ಹೋಗಲು ಬಂದದ್ದು ಎನ್ನುವುದು ಮನೆಗೆ ಚೆನ್ನಾಗಿ ಗೊತ್ತು. ನೆಂಟರು ಮಾತ್ರ ಎರಡರ ನಡುವಿನವರು. ಅವರಿಗೆಂದೇ ಒಳಗೆ ನೆಂಟರ ಕಲ್ಲುಗಳನ್ನು ಇಟ್ಟುಕೊಂಡಿರುತ್ತೇವೆ. ಅವರು ಚಪ್ಪಲಿ ಬಿಡುವಾಗ ಕಲ್ಲನ್ನು ಜಗಲಿಗೆ ಉರುಳಿಸುತ್ತೇವೆ, ಹೊರಟ ಮೇಲೆ ಒಳಕ್ಕೆ ಉರುಳಿಸುತ್ತೇವೆ. ಯಾರ ಮನೆಗೆ ಭಾವ ಬಂದಿದ್ದಾರೆ, ಭಾವನ ಜೊತೆ ಅಕ್ಕನೂ ಬಂದಿದ್ದಾಳೆಯೇ ಎಂದು ಬೀದಿಯಲ್ಲಿ ಯಾರೂ ಕೇಳಬೇಕಾಗಿಲ್ಲ, ಜಗಲಿ ನೋಡಿದರೆ ಸಾಕು. ಕಲ್ಲು ಬಹಳ ದಿನ ಹೊರಗೇ ಕೂತಿದ್ದರೆ ಜನ ಮುಸಿಮುಸಿ ನಗುತ್ತಾರೆ. ನಾನು ಸೊಸೆಯಾಗಿ ಬಂದಾಗ ನಮ್ಮತ್ತೆ ಹಿತ್ತಾಳೆಯ ಹಂಡೆಯನ್ನೂ ಅದರೊಳಗೆ ಗುಂಡುಕಲ್ಲನ್ನೂ ಇಟ್ಟು ಆಚೆ ಕಳಿಸಿದ್ದರು. ಸಾರಿಗೆ ಉಪ್ಪು ಹೆಚ್ಚಾದ ದಿನವೆಲ್ಲ “ಎಂಥಾ ಹಂಡೆ ಹೋಯ್ತು” ಎಂದು ನಿಟ್ಟುಸಿರು ಬಿಡುತ್ತಿದ್ದರು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮನೆಯವರು ತೀರಿಕೊಂಡರು. ಮನೆ ಅವರಷ್ಟು ಹಗುರವಾಯಿತು. ಸಾವಾದ ಮನೆಗೆ ತುಂಬು ಕೊಡುವುದು ಇಲ್ಲಿನ ಪದ್ಧತಿ. ಬಂಧುಗಳು ಒಬ್ಬರು ಬೀರು ತಂದರು, ಒಬ್ಬರು ಕಬ್ಬಿಣದ ಮಂಚ ಹೊತ್ತು ತಂದರು. ಒಂದನ್ನೂ ನಾನು ಹೊಸ್ತಿಲು ದಾಟಿಸಲಿಲ್ಲ. “ಜಾಗ ಖಾಲಿಯಿಲ್ಲ” ಎಂದೆ. ದುಃಖಕ್ಕೆ ಹೀಗೆ ಆಡುತ್ತಾಳೆ ಎಂದುಕೊಂಡು ಅವರು ಮಂಚವನ್ನು ವಾಪಸು ಹೊತ್ತುಕೊಂಡು ಹೋದರು.

ಹಗುರವಾದ ಮನೆ ಒಂದಿಷ್ಟು ಮೇಲೆದ್ದು ಕೂರುತ್ತದೆ. ನಮ್ಮ ಹಿತ್ತಲ ಬಾಗಿಲ ಚಿಲಕ ಈಗ ಅದರ ತೂತಿಗೆ ಬೀಳುವುದಿಲ್ಲ. ಬೆಳಗಿನ ಜಾವದ ಗಾಳಿಗೆ, ಅವರು ಎದ್ದು ನಲ್ಲಿ ನೀರಿಗೆ ಹೋಗುತ್ತಿದ್ದ ಹೊತ್ತಿಗೇ, ಬಾಗಿಲು ಕಿರ್ರೆಂದು ತಾನಾಗಿ ತೆರೆದುಕೊಳ್ಳುತ್ತದೆ. ನಾನು ಕಣ್ಣು ಬಿಡದೆಯೇ “ಕೊಡ ಕಟ್ಟೆ ಮೇಲೈತೆ” ಅನ್ನುತ್ತೇನೆ. ಉತ್ತರ ಬರುವುದಿಲ್ಲ. ಅವರಿದ್ದಾಗಲೂ ಬರುತ್ತಿರಲಿಲ್ಲ. ಅಷ್ಟು ತೂಕದ ಏನಾದರೂ ಒಳಗೆ ಬಂದು ಕೂತರೆ ಚಿಲಕ ಮೊದಲಿನಂತೆ ಬೀಳುತ್ತದೆ, ಬಾಗಿಲು ಮುಚ್ಚಿಯೇ ಇರುತ್ತದೆ. ಅದಕ್ಕೆ ನನಗೆ ಮನಸ್ಸಿರಲಿಲ್ಲ.

ಆದರೆ ಆಷಾಢದ ಗಾಳಿ ಇದೆಯಲ್ಲ, ಅದು ಹಗುರ ಮನೆಯನ್ನು ಸುಮ್ಮನೆ ಬಿಡುವುದಿಲ್ಲ. ಹೋದ ಆಷಾಢದಲ್ಲಿ ಬೀದಿಯವರು ಸರದಿಯ ಮೇಲೆ ಬಂದು ನಮ್ಮ ನಡುಮನೆಯಲ್ಲಿ ಕೂತು ಮನೆ ಹಿಡಿದುಕೊಂಡಿದ್ದರು. ಹೆಂಗಸರು ಹೂ ಕಟ್ಟುತ್ತಾ, ಗಂಡಸರು ಚೌಕಾಬಾರ ಆಡುತ್ತಾ, ಗಾಳಿ ಜೋರಾದಾಗ ಎಲ್ಲರೂ ಒಂದೇ ಸಲ ಗೋಡೆಗೆ ಬೆನ್ನು ಕೊಟ್ಟು. ಒಂದು ಆಷಾಢವನ್ನು ಊರು ಹಿಡಿದುಕೊಳ್ಳುತ್ತದೆ. ಎರಡನೆಯದನ್ನು ಮನೆಯವರೇ ನೋಡಿಕೊಳ್ಳಬೇಕು. ಇದು ಯಾರೂ ಬಾಯಿಬಿಟ್ಟು ಹೇಳುವ ಮಾತಲ್ಲ. ಎಲ್ಲರಿಗೂ ಗೊತ್ತಿರುವುದು. ಹುಣಸೆಹಣ್ಣು ಬಂತೆಂದರೆ ಆಷಾಢ ಬಹಳ ದೂರವಿಲ್ಲ.

ಪಕ್ಕದ ಮನೆಯ ಪುಟ್ಟತಾಯಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಮಗನಿಗೆ ಮದುವೆ ಗೊತ್ತಾಗಿತ್ತು. ಸೊಸೆಯ ತೂಕಕ್ಕೆ ಅವರ ಮನೆಯಿಂದ ಕಲ್ಲೊರಳು ಆಚೆ ಬರಬೇಕಾಗಿತ್ತು. ಅತ್ತೆಯ ಅತ್ತೆಯ ಕಾಲದ ಒರಳು, ಬೀದಿಗೆ ಹಾಕಲು ಜೀವ ಒಪ್ಪದು. “ಹೊನ್ನಕ್ಕ, ನಿಮ್ಮನೆ ಇಷ್ಟು ಹಗೂರ ಕೂತೈತೆ. ಒರಳು ಇಕ್ಕಂಡ್ರೆ ನಿಂಗೂ ಆಷಾಢಕ್ಕಾಯ್ತು, ನಂಗೂ ಒರಳು ಕಣ್ಮುಂದೆ ಇರ್ತದೆ. ಚಟ್ನಿ ರುಬ್ಬಕೆ ಬಂದೋಳು ನಿಂಗೂ ಒಂದು ಬಟ್ಟಲು ಕೊಟ್ಟು ಹೋಯ್ತೀನಿ” ಎಂದು ದಿನಾ ಬಂದು ಕೇಳುತ್ತಿದ್ದಳು. ತಪ್ಪೇನೂ ಇರದ ಮಾತು. “ನಾಳೆ ಹೇಳ್ತೀನಿ ತಾಯಿ” ಎಂದು ನಾನೂ ದಿನಾ ಹೇಳುತ್ತಿದ್ದೆ.

ದೇವೀರಿಯ ಕತೆಯೂ ಸೊಸೆಯ ತೂಕದ್ದೇ. ನಾವಿಬ್ಬರೂ ಹಪ್ಪಳದ ಶೆಡ್ಡಿನಲ್ಲಿ ಲಟ್ಟಣಿಗೆ ಹಿಡಿದವರು, ಕೂದಲು ನರೆತ ಮೇಲೆ ಒಟ್ಟಿಗೆ ರಾತ್ರಿ ಶಾಲೆಗೆ ಸೇರಿದವರು. ಲಟ್ಟಿಸಿದ ಕೈ ನೋಡಿ, ಅಕ್ಷರವೂ ಹಪ್ಪಳದ ಹಾಗೆ ದುಂಡಗೆ ಅಗಲವಾಗಿ ಬರುತ್ತಿತ್ತು. ದೇವೀರಿ ತನ್ನ ಹೆಸರು ಬರೆದರೆ ಸ್ಲೇಟು ಮುಗಿದುಹೋಗುತ್ತಿತ್ತು. ಉಳಿದದ್ದನ್ನು ನನ್ನ ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಈ ಊರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವಳು, ಒಬ್ಬರ ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದಳು. ಆ ಮನೆಯ ಮಗನಿಗೆ ಮದುವೆಯಾದಾಗ ಏನನ್ನು ಆಚೆ ಕಳಿಸುವುದೆಂದು ಬಹಳ ಯೋಚಿಸಿದರು. ಕಡೆಗೆ ನೋಡಿದರೆ, ಬರುವ ಹುಡುಗಿಯ ತೂಕಕ್ಕೆ ದೇವೀರಿಯೇ ಸರಿಯಾಗಿ ಹೊಂದುತ್ತಿದ್ದಳು. ಕೆಟ್ಟ ಜನವಲ್ಲ. ಹೊರಡುವಾಗ ಅರಿಶಿನ ಕುಂಕುಮ ಕೊಟ್ಟು, ಬಸ್ಸಿನವರೆಗೂ ಬಂದು, ಅತ್ತರು. ಅವಳು ದೂರದ ಊರಿನಲ್ಲಿ ತಂಗಿಯ ಮಗಳ ಮನೆ ಸೇರಿದಳು. ಅಲ್ಲಿನ ಮನೆಗಳು ತೂಕ ನೋಡುವುದಿಲ್ಲ. ಆದರೂ, ಜಾಗ ಇದೆಯೋ ಇಲ್ಲವೋ ಎನ್ನುವುದು ತಕ್ಕಡಿ ಇಲ್ಲದೆಯೂ ಗೊತ್ತಾಗುತ್ತದೆ ಎಂದು ಒಮ್ಮೆ ಹೇಳಿದ್ದಳು.

ತೂಕಕ್ಕಾಗಿ ಆಚೆ ಹೋದವರು ಈ ಊರಿಗೆ ಮರಳಿ ಬರಬೇಕಾದರೆ ಬಾಯಿಮಾತು ನಡೆಯುವುದಿಲ್ಲ. ಮನೆಯೊಡತಿ ತನ್ನ ಕೈಯಾರೆ ಬರೆದ ಕಾಗದ ಬೇಕು. ಬಸ್ಸಿನ ಕಂಡಕ್ಟರು ಅದನ್ನು ಓದಿ ನೋಡಿದ ಮೇಲೆಯೇ ಟ್ರಂಕು ಕೆಳಗಿಳಿಸುವುದು. ನನ್ನ ಬೆರಳ ಗಂಟುಗಳು ಪೆನ್ನು ಹಿಡಿಯಲು ಒಪ್ಪದೆ ಎಷ್ಟೋ ಕಾಲವಾಗಿದೆ. ಆದರೂ ದೇವೀರಿ ಆ ಮಾತನ್ನು ಮೊದಲ ಸಲ ಅರ್ಧಕ್ಕೆ ಕೇಳಿದ ವಾರವೇ ನಾನು ನೋವು ತಿಂದುಕೊಂಡು ಒಂದು ಹಾಳೆ ಬರೆದೆ. ‘ಬಾ’ ಎಂದು. ಮಡಿಸಿ ಲಕೋಟೆಗೆ ಹಾಕಿದೆ. ವಿಳಾಸ ಬರೆದೆ, ಸ್ಟಾಂಪು ಹಚ್ಚಿದೆ. ಬೆಳಗ್ಗೆ ಹಿತ್ತಲ ಬಾಗಿಲು ಕಿರ್ರೆಂದಿತು. ಕಾಗದ ಉಳಿಯಿತು. ಸ್ವಲ್ಪ ದಿನದ ಮೇಲೆ ಎರಡನೆಯ ಹಾಳೆ ಬರೆದು ಸೇರಿಸಿದೆ. ‘ಸ್ವಲ್ಪ ತಡಿ’ ಎಂದು. ಆಮೇಲಿನವು ಸುಮ್ಮನೆ ಊರ ಸುದ್ದಿ: ಶೆಡ್ಡಿಗೆ ಹೊಸ ತಗಡು ಹಾಕಿದ್ದು, ಸೀಬೆ ಗಿಡ ಕಾಯಿ ಬಿಟ್ಟದ್ದು, ನಮ್ಮ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆದದ್ದು. ಬಾಯಿ ಅಂಟಿಸದ ಆ ಲಕೋಟೆ ದಪ್ಪವಾಗುತ್ತಾ ಹೋಗಿ, ಕಡೆಗೆ ಮೌಸಿನ ಕೆಳಗೆ ಹಾಸಿಕೊಳ್ಳಲು ಅನುಕೂಲವಾಯಿತು. ಅದರ ಮೇಲೆ ಮೌಸು ಬಹಳ ನಯವಾಗಿ ಓಡುತ್ತಿತ್ತು.

ಆ ದಿನ ಮೊರದ ಹಣ್ಣೆಲ್ಲ ಮುಗಿದರೂ ದೇವೀರಿಯ ಮುಖ ಬಿಟ್ಟುಕೊಳ್ಳಲಿಲ್ಲ. ಬೇರೆ ದಿನ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಸರಿಹೋಗುತ್ತಿತ್ತು. ಕೈ ತೊಳೆದು ಬಂದೆ, ಬೀಜ ಬಿಸಿಲಿಗೆ ಹರಡಿ ಬಂದೆ. ಹಾಗೇ ಇದ್ದಳು. ಅರ್ಧ ತೆರೆದ ಬಾಯಿ, ಮುಚ್ಚಿದ ಒಂದು ಕಣ್ಣು. ಹೊತ್ತು ಇಳಿದು ನಡುಮನೆ ಮಬ್ಬಾದಾಗ ಆ ಮುಖವೊಂದೇ ಬೆಳಗುತ್ತಿತ್ತು. ಅಂಥ ಮುಖವನ್ನು ನಾನು ಒಂದು ಸಲ ಇದೇ ನಡುಮನೆಯಲ್ಲಿ, ಇದೇ ಗೋಡೆಯ ಪಕ್ಕ, ನೋಡಿದ್ದೆ. ಮಾತು ಆಡುತ್ತಾ ಆಡುತ್ತಾ ನಿಂತುಹೋದ ಮುಖ. “ದೇವೀರೀ” ಎಂದು ಕೂಗಿದೆ. ಪರದೆಯ ಮೇಲೆ ತಟ್ಟಿದೆ. ಕಡೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ಮೆಹರುನ್ನೀಸಾಳ ಅಂಗಡಿಗೆ ಹೋದೆ.

ಮೆಹರು ನಮ್ಮೂರಿನ ರೇಡಿಯೋ ರಿಪೇರಿ ಸಾಹೇಬರ ಮಗಳು. ಅಪ್ಪ ರೇಡಿಯೋ ಬಿಚ್ಚುತ್ತಿದ್ದ ಮೇಜಿನ ಮೇಲೆಯೇ ಅವಳು ಕಂಪ್ಯೂಟರು ಬಿಚ್ಚುತ್ತಾಳೆ. ನಾನು ಹೇಳಿದ್ದು ಕೇಳಿದವಳೇ ತನ್ನ ಫೋನಿನಿಂದ ದೇವೀರಿಗೆ ಫೋನು ಹಚ್ಚಿಕೊಟ್ಟಳು. “ನಾನು ಸಾಯ್ಲಿಲ್ಲ ಕಣೆ, ಉಂಡು ಪಾತ್ರೆ ಬೆಳಗ್ತಾ ಇದೀನಿ. ಎರಡು ದಿನದಲ್ಲಿ ನಿನ್ನ ಪೆಟ್ಟಿಗೆ ಸರಿಮಾಡಿಸ್ಕೊಂಡು ಮುಖ ತೋರ್ಸು, ಮಾತೈತೆ” ಎಂದು ಬೈದಳು. ಬೈದದ್ದು ಕೇಳಿ ಜೀವ ಬಂತು.

ಮಾರನೆಯ ಬೆಳಗ್ಗೆ ಮೆಹರು ಬಂದು ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಒಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬ್ರಷ್ಷಿನಿಂದ ಗುಡಿಸುತ್ತಾ ಹೇಳಿದಳು, “ಅಮ್ಮಾ, ಇದಕ್ಕೇನೂ ಕಾಯಿಲೆ ಇಲ್ಲ. ಮೆಮೊರಿ ಸಾಲದು ಅಷ್ಟೇ.”

“ಇನ್ನೂ ಎಷ್ಟೋ ತುಂಬ್ಕೊಳ್ಳೋಕೆ ಜಾಗ ಐತೆ ಅಂತ ಅದೇ ತೋರಿಸ್ತದಲ್ಲವ್ವ?”

“ಅದು ಕಪಾಟು. ಇದು ಅಡುಗೆ ಕಟ್ಟೆ. ನಿಮ್ಮ ಕಪಾಟು ಎಷ್ಟು ದೊಡ್ಡದಿದ್ರೇನು, ಕಟ್ಟೆ ಮೇಲೆ ಎರಡೇ ಪಾತ್ರೆ ಹಿಡಿಸೋದಾದ್ರೆ? ಅನ್ನ ಇಳಿಸಿ ಸಾರು ಇಡಬೇಕು, ಸಾರು ಇಳಿಸಿ ಪಲ್ಯ ಇಡಬೇಕು. ಈಗಿನ ವಿಡಿಯೋ ಅಂದ್ರೆ ಮದುವೆ ಅಡುಗೆ. ಪಾಪ, ಇದು ಎಷ್ಟೂಂತ ಇಳಿಸಿ ಇಟ್ಟು ಮಾಡತ್ತೆ? ಕೈ ಕಟ್ಟಿ ನಿಂತ್ಕೊಂಡುಬಿಡತ್ತೆ.” ಅವಳು ಟಾರ್ಚು ಹಿಡಿದು ಒಳಗೆ ತೋರಿಸಿದಳು. ಹಸಿರು ಹಲಗೆಯ ಮೇಲೆ ಬಾಚಣಿಗೆಯ ಹಾಗೆ ಒಂದು ಪಟ್ಟಿ ನೆಟ್ಟಗೆ ನಿಂತಿತ್ತು, ಬುಡದಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲು. “ಇದೇ ಅದು. ಇನ್ನೊಂದು ತಂದು ಹಾಕಿದ್ರೆ ಆಯ್ತು.”

“ಹಂಗಾದ್ರೆ ಇದನ್ನ ತೆಗೆದು ಆಚೆ ಇಟ್ಟು ಹೊಸದು ಹಾಕಿಬಿಡು. ತೂಕಕ್ಕೆ ತೂಕ ಆಯ್ತು.”

“ಹಳೇದು ಯಾಕೆ ತೆಗೀಬೇಕು ಅಮ್ಮಾ? ಚೆನ್ನಾಗೇ ಇದೆ. ಪಕ್ಕದಲ್ಲಿ ನೋಡಿ.” ಹಳೆಯ ಪಟ್ಟಿಯ ಪಕ್ಕಕ್ಕೇ ಅದರಷ್ಟೇ ಉದ್ದದ ಒಂದು ಸೀಳು ಇತ್ತು, ಧೂಳು ತುಂಬಿಕೊಂಡು. ಮೆಹರು ಬ್ರಷ್ಷಿನ ತುದಿಯಿಂದ ಅದನ್ನು ಬಿಡಿಸಿ ಬಿಡಿಸಿ ತೆಗೆದಳು. “ಇನ್ನೊಂದು ಬರಲಿ ಅಂತ ಮಾಡಿದೋರೇ ಬಿಟ್ಟಿರೋ ಜಾಗ ಇದು. ಹಳೇದು ಅದರ ಜಾಗದಲ್ಲಿರತ್ತೆ, ಹೊಸದು ಪಕ್ಕದಲ್ಲಿ ಕೂತ್ಕೊಳ್ಳತ್ತೆ. ಎರಡೂ ಸೇರಿ ಕೆಲಸ ಮಾಡ್ತವೆ. ಹೊಸದು ಸ್ವಲ್ಪ ಚುರುಕಿದ್ರೂ ಹಳೇದರ ಹೆಜ್ಜೆಗೇ ಹೆಜ್ಜೆ ಹಾಕತ್ತೆ, ಜಗಳ ಇಲ್ಲ.”

ನಾನು ಆ ಸೀಳನ್ನೇ ನೋಡುತ್ತಾ ಕೂತೆ. ಇಷ್ಟು ವರ್ಷ ಅದರ ಮುಂದೆಯೇ ಕೂತಿದ್ದೇನೆ, ಒಳಗೆ ಒಂದು ಜಾಗ ಬಾಯಿ ತೆರೆದುಕೊಂಡಿದೆ ಎಂದು ಗೊತ್ತಿರಲಿಲ್ಲ.

“ಸಂಜೆ ತರ್ತೀನಿ. ನಿಮ್ಮನೆ ಹೇಗೂ ಇಷ್ಟು ಹಗುರ ಇದೆ, ತೂಕ ಏನೂ ನೋಡೋದು ಬೇಡ ಬಿಡಿ” ಎಂದಳು ಮೆಹರು.

“ಬೇಡ ಕಣವ್ವ. ತೂಕ ನೋಡೇ ತರಬೇಕು. ಅದು ಖಾಲಿ ಇಲ್ಲ.”

ಅವಳು ನನ್ನ ಮುಖ ನೋಡಿದಳು. “ಹಾಗಾದ್ರೆ ಬಾಚಣಿಗೆಯಷ್ಟು ತೂಕದ್ದು ಏನಾದ್ರೂ ನೋಡಿಟ್ಟಿರಿ” ಎಂದು ಹೊರಟಳು.

ಬಾಚಣಿಗೆಯಷ್ಟು ತೂಕದ್ದು ಎಂದರೆ ಮನೆಯಲ್ಲಿ ಎಷ್ಟಿಲ್ಲ ಎಂದುಕೊಂಡಿದ್ದೆ. ಹುಡುಕಲು ಕೂತಾಗ ಗೊತ್ತಾಯಿತು, ಭಾರದ್ದನ್ನು ಬಿಟ್ಟುಕೊಡುವುದು ಸುಲಭ. ಹಂಡೆ, ಮಂಚ, ಒರಳುಗಳಿಗೆ ಒಂದು ದಿನ ಅತ್ತು ಸುಮ್ಮನಾಗಬಹುದು. ಅಂಗೈಯಲ್ಲಿ ಹಿಡಿಯುವಂಥವು ಕೈ ಬಿಡುವುದಿಲ್ಲ. ಸಂಜೆ ಮೆಹರು ಬರುವಷ್ಟರಲ್ಲಿ ಮೊರದ ತುಂಬ ಇಂಥವನ್ನು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದೆ. ಅವಳು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಪುಟ್ಟ ಪೊಟ್ಟಣದಿಂದ ಹೊಸ ಪಟ್ಟಿಯನ್ನು ಅಂಚು ಹಿಡಿದು ತೆಗೆದು, ತಕ್ಕಡಿಯ ಆಚೆ ತಟ್ಟೆಗೆ ಇಟ್ಟಳು. ಈಚೆ ತಟ್ಟೆ ನನ್ನದು.

ಮೊದಲು ನಮ್ಮನೆಯವರ ಸುಣ್ಣದ ಡಬ್ಬಿ ಇಟ್ಟೆ. ಹಗುರ. ಕನ್ನಡಕ ಇಟ್ಟೆ. ಅದೂ ಹಗುರ, ಒಂದು ಗಾಜು ಇರಲಿಲ್ಲ. ಸೈಕಲ್ಲಿನ ಗಂಟೆ ಇಟ್ಟೆ. ತಟ್ಟೆ ಧಡ್ಡನೆ ಇಳಿದು ಟ್ರಿಣ್ ಎಂದಿತು. ಮೆಹರು ನಕ್ಕಳು. “ಅಯ್ಯೋ ಅಮ್ಮಾ, ಇದು ಇನ್ನೂ ಇದೆಯಾ? ನಮ್ಮಪ್ಪ ಹೇಳಿ ಹೇಳಿ ನಗೋರು.”

ಈ ಕಂಪ್ಯೂಟರು ನಮ್ಮ ಮನೆಗೆ ಬಂದದ್ದೇ ಆ ಸೈಕಲ್ಲಿನ ತೂಕಕ್ಕೆ. ರಾತ್ರಿ ಶಾಲೆಗೆ ಹೊಸವು ಬಂದಾಗ, ಹಳೆಯದನ್ನು ಬೇಕಾದವರು ಒಯ್ಯಿರಿ ಎಂದರು. ನನ್ನ ಬೆರಳುಗಳು ಪೆನ್ನು ಬಿಟ್ಟ ಹೊಸತು. ಕೀಲಿ ಒತ್ತುವುದಾದರೆ ಆಗುತ್ತಿತ್ತು. ನಾನು ಆಸೆಯನ್ನು ಬಾಯಿಗೆ ತಂದಿರಲಿಲ್ಲ. ನಮ್ಮನೆಯವರು ಒಂದು ಮಾತೂ ಆಡದೆ, ನಡುಮನೆಯ ಗೋಡೆಗೆ ಒರಗಿದ್ದ ತಮ್ಮ ಸೈಕಲ್ಲನ್ನು ಜಗಲಿಗೆ ಇಳಿಸಿದರು. ಗಂಟೆಯನ್ನು ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸ್ಕ್ರೂ ಬಿಡಿಸಲು ಬಾಚಣಿಗೆ ತೂರಿಸಿ ಅದರ ಒಂದು ಹಲ್ಲು ಮುರಿದರು. ಆಮೇಲೆ ಕಾಲ್ನಡಿಗೆಯಲ್ಲೇ ಊರು ತಿರುಗಿದರು. ದಾರಿಗಡ್ಡ ಎಮ್ಮೆಯೋ ಮನುಷ್ಯರೋ ನಿಂತರೆ ಜೇಬಿನಿಂದ ಗಂಟೆ ತೆಗೆದು ಟ್ರಿಣ್ ಅನ್ನಿಸಿ, ಸೈಕಲ್ಲಿನ ಮೇಲೆ ಕೂತವರ ಗತ್ತಿನಲ್ಲೇ ದಾಟಿಹೋಗುತ್ತಿದ್ದರು.

ಮೊರದಲ್ಲಿ ಕಡೆಗೆ ಉಳಿದದ್ದು ಆ ಹಲ್ಲು ಮುರಿದ ಬಾಚಣಿಗೆಯೇ. ಇಟ್ಟೆ. ತಕ್ಕಡಿ ಓಲಾಡಿ ಓಲಾಡಿ, ಇನ್ನೇನು ಸಮ ಎನ್ನುವಷ್ಟರಲ್ಲಿ, ಪಟ್ಟಿಯ ಕಡೆಗೆ ವಾಲಿತು. “ಒಂದೇ ಒಂದು ಹಲ್ಲಿನಷ್ಟು ಕಮ್ಮಿ” ಎಂದಳು ಮೆಹರು. ನನಗೆ ಒಳಗೆ ಸಮಾಧಾನವೇ ಆಯಿತು. ಬಾಚಣಿಗೆಯನ್ನು ಬೇಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಅಮ್ಮಾ, ಆ ಮೌಸಿನ ಕೆಳಗಿರೋದು ನೋಡೋಣವಾ?” ಅವಳು ಹೊಸ್ತಿಲ ಆಚೆಯಿಂದಲೇ ಗಲ್ಲ ಎತ್ತಿ ತೋರಿಸಿದಳು.

“ಅದು ಬೇಡ.”

“ನಿಮ್ಮ ಪರದೆಯ ದೇವೀರಮ್ಮನೋರಿಗೆ ಬರೆದಿದ್ದಲ್ಲವಾ? ಬೆಳಗ್ಗೆ ವಿಳಾಸ ಕಣ್ಣಿಗೆ ಬಿತ್ತು. ಸ್ಟಾಂಪೂ ಹಚ್ಚಿದೀರಿ. ಸ್ಟಾಂಪಿನ ಚಿತ್ರ ಮೌಸು ಉಜ್ಜಿ ಉಜ್ಜಿ ಮಾಸಿಹೋಗಿದೆ.”

ಅಷ್ಟರಲ್ಲಿ ಪುಟ್ಟತಾಯಿ ಜಗಲಿಗೆ ಬಂದಳು. ಕೈಯಲ್ಲಿ ಲಗ್ನಪತ್ರಿಕೆಯ ಕಟ್ಟು, ಕಿವಿಯ ಮೇಲೆ ಪೆನ್ನು. “ಏನಕ್ಕ, ಮನೆ ಬಾಗಿಲಲ್ಲೇ ಸಂತೆ ಹೂಡಿದೀಯ? ನಾಳೆ ನಾಲ್ಕು ಆಳು ಬತ್ತಾವ್ರೆ. ಒರಳು ಉರುಳಿಸ್ಕೊಂಡು ಬಂದುಬಿಡ್ಲಾ?” ವಿಷಯ ತಿಳಿದ ಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. “ಒಂದು ಮನುಷ್ಯನ ಜಾಗ ಇಟ್ಕೊಂಡು ಬಾಚಣಿಗೆಗೆ ಒದ್ದಾಡೋಳ್ನ ನಿನ್ನೇ ನೋಡಿದ್ದು. ಆ ಕಾಗದ ಇಟ್ಟು ನೋಡಕ್ಕ. ಸರಿಹೋದ್ರೆ ನಮ್ಮನೇಲಿ ಮಡಿಕ್ಕೊಂಡಿರ್ತೀನಿ. ಕಾಗದ ತಾನೆ, ಹೆಂಗೋ ಹೊಂದಿಸ್ಕೊಳ್ತೀನಿ. ಬೇಕಾದಾಗ ಬಂದು ಮುಟ್ಟಿ ನೋಡ್ಕೊಂಡು ಹೋಗು.”

ಇದು ನನಗೆ ಹೊಳೆದಿರಲಿಲ್ಲ. ಹೊರಗೆ ಹೋದಂತೆಯೂ ಆಯಿತು, ಕಳಿಸದಂತೆಯೂ ಆಯಿತು. ಎದ್ದು ಹೋಗಿ ಮೌಸನ್ನು ಪಕ್ಕಕ್ಕಿಟ್ಟು ಲಕೋಟೆ ತಂದೆ. ತಟ್ಟೆಗೆ ಇಟ್ಟೆ. ಮೂವರೂ ಬಗ್ಗಿ ನೋಡಿದೆವು. ತಕ್ಕಡಿ ನಿಂತಿತು, ಕೂದಲೆಳೆಯಷ್ಟು ಪಟ್ಟಿಯ ಕಡೆಗೆ.

“ಬಾಯಿ ಅಂಟಿಸಿಲ್ಲ ಅದಕ್ಕೆ” ಎಂದಳು ಮೆಹರು.

ಒಳಗೆ ಹೋಗಿ ಪಾತ್ರೆಯಿಂದ ಎರಡಗುಳು ಅನ್ನ ತಂದು ಹಿಸುಕಿ, ಲಕೋಟೆಯ ಬಾಯಿಗೆ ಹಚ್ಚಿ ಒತ್ತಿದೆ. ಮತ್ತೆ ಇಟ್ಟೆ. ಮುಳ್ಳು ನೆಟ್ಟಗೆ ನಿಂತಿತು. ಸುಮಾರು ಒಂದು ವರ್ಷದಿಂದ ಮಡಚಿಟ್ಟ ಕಾಗದ, ಹಾಳೆಗೆ ಹಾಳೆ ಕೂಡಿಕೊಂಡು, ಇದಕ್ಕಾಗಿಯೇ ಬೆಳೆದ ಹಾಗೆ. “ನಂಗೆ ಗೊತ್ತಿತ್ತು” ಎಂದಳು ಪುಟ್ಟತಾಯಿ, ಅವಳಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. “ದೀಪ ಹಚ್ಚೋದ್ರೊಳಗೆ ಜಗಲಿ ದಾಟಿಸಿ ನಂಗೆ ತಂದ್ಕೊಡು” ಎಂದು ಹೊರಟಳು. ನೆಂಟರ ಕಲ್ಲೊಂದನ್ನು ಬಿಟ್ಟರೆ, ಆಚೆ ಹೋಗಬೇಕಾದ್ದು ಜಗಲಿಯ ಮೇಲೆ ಅಷ್ಟು ಹೊತ್ತು ಮಾತ್ರ ಇರಬಹುದು. ದೀಪ ಹಚ್ಚಿದ ಮೇಲೆ ಮನೆ ಅದನ್ನು ತನ್ನದೇ ಎಂದುಕೊಳ್ಳುತ್ತದೆ.

ಮೆಹರು ಒಳಗೆ ಬಂದು ಮೊದಲು ಕಿಟಕಿಯ ಸರಳನ್ನು ಮುಟ್ಟಿದಳು. ಮೈಯಲ್ಲಿರುವ ಕರೆಂಟು ಇಳಿಯಲಿ ಎಂದಂತೆ. ಪಟ್ಟಿಯ ಬುಡದಲ್ಲಿ ಒಂದು ಕಚ್ಚು, ನಟ್ಟನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಸೀಳಿನೊಳಗಿನ ಗುಬುಟಿಗೆ ಅದನ್ನು ಹೊಂದಿಸಿ, ಎರಡು ಹೆಬ್ಬೆರಳಿಂದ ಅದುಮಿದಳು. ಎರಡೂ ತುದಿಯ ಕೊಕ್ಕೆಗಳು ಟಿಕ್, ಟಿಕ್ ಎಂದು ತಾವಾಗಿಯೇ ಮುಚ್ಚಿಕೊಂಡವು. ಸ್ವಿಚ್ಚು ಹಾಕಿದರೆ ಪರದೆ ಕಪ್ಪಗೇ ಇದ್ದು, ಪೆಟ್ಟಿಗೆ ಉದ್ದಕ್ಕೆ ಪೀ ಪೀ ಎಂದು ಅತ್ತಿತು. ನನ್ನ ಮುಖ ಇಳಿಯಿತು. “ಹೊಸದಲ್ವಾ, ಇನ್ನೂ ಸರಿಯಾಗಿ ಕೂತಿಲ್ಲ” ಎಂದು ಆರಿಸಿ, ತೆಗೆದು, ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿದಳು. ಈ ಸಲ ಅಳಲಿಲ್ಲ. ಮೊದಲೆಲ್ಲ ಕಂಪ್ಯೂಟರು ಕಣ್ಣು ಬಿಡುವಷ್ಟರಲ್ಲಿ ಒಂದು ಮೊರ ಹಣ್ಣು ಬಿಡಿಸಿ ಮುಗಿಸುತ್ತಿದ್ದೆ. ಈಗ ಒಂದು ಬೀಜ ಬಿಡಿಸುವುದಕ್ಕೂ ಪುರುಸೊತ್ತು ಕೊಡಲಿಲ್ಲ.

ಮೆಹರು ಹುಣಸೆಹಣ್ಣಿನ ಒಂದು ಉಂಡೆ ಕಟ್ಟಿಸಿಕೊಂಡು ಹೋದ ಮೇಲೆ ದೇವೀರಿಯನ್ನು ಕರೆದೆ. ಅವಳು ಹಣೆ, ಕನ್ನಡಕ, ಬಾಯಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಬಂದಳು. ಎಷ್ಟು ಸೊರಗಿದ್ದಾಳೆ ಎಂದು ಅವತ್ತೇ ನಾನು ಕಂಡದ್ದು. ಕತ್ತಿನ ಮೂಳೆ ಎದ್ದಿತ್ತು. ರವಿಕೆಯ ತೋಳು ಜೋಲುತ್ತಿತ್ತು.

“ಅಬ್ಬ, ಅಲ್ಲಾಡ್ತಿದೀಯಲ್ಲೇ! ನಿನ್ನೆ ಬೀಜ ಹಿಡ್ಕೊಂಡು ಗೋಡೆ ಪಟ ಆಗಿಬಿಟ್ಟಿದ್ದೆ. ಎಷ್ಟು ಕೂಗಿದೆ ಗೊತ್ತಾ?”

ಅವಳ ಕಡೆಯಿಂದ ನಿಂತುಹೋದವಳು ನಾನು ಎಂದು ನನಗೆ ತೋಚಿರಲೇ ಇಲ್ಲ. “ಈಗ ಸರಿಹೋಗೈತೆ. ಹೇಳು, ಅದೇನೋ ಮಾತೈತೆ ಅಂದೆಯಲ್ಲ” ಎಂದೆ. ಸೊಂಟದಲ್ಲಿ ಬಾಚಣಿಗೆ ಒತ್ತುತ್ತಿತ್ತು.

“ನೀನು ಬಾಯಲ್ಲಿ ಏನೂ ಹೇಳ್ಬ್ಯಾಡ, ಅದು ನಡೆಯಲ್ಲ ಅಂತ ನಂಗೊತ್ತು. ಸುಮ್ಕೆ ಕೇಳಿಸ್ಕೊ. ನಾನೇನಾದ್ರೂ ನಿಮ್ಮನೇಗೆ ಬಂದ್ರೆ ತೀರ್ಕೊಂಡ ಅಯ್ಯನ ಜಾಗ ಹೋಯ್ತದೆ ಅಂತ ನಿಂಗೆ ಸಂಕಟ. ಇಲ್ಲ ಅನ್ಬ್ಯಾಡ, ನಿನ್ನ ಸ್ಲೇಟು ಓದಿದೋಳು ನಾನು. ಮೊನ್ನೆ ಇಲ್ಲಿ ಆಸ್ಪತ್ರೇಲಿ ತೂಕ ಹಾಕಿದ್ರು ಕಣೆ ಹೊನ್ನಿ. ಒಣಗಿ ಕಡ್ಡಿ ಆಗಿದೀನಿ. ಅಯ್ಯ ಇದ್ದಿದ್ರಲ್ಲಿ ಅರ್ಧಕ್ಕೂ ನಾನಿಲ್ಲ. ಆ ಅರ್ಧ ನಂಗೆ ಕೊಡು. ಮಿಕ್ಕಿದ್ದು ಅಯ್ಯಂದೇ ಇರ್ಲಿ, ನಂಗೇನೂ ಬ್ಯಾಡ. ನಿಮ್ಮ ಹಿತ್ತಲ ಬಾಗಿಲು ದಿನಾ ತಕ್ಕೊಳ್ತಾನೇ ಇರ್ಲಿ. ನಾನು ನಿದ್ದೆ ಬಂದ್ರೆ ಕಲ್ಲು, ಎಚ್ಚರಾಗಲ್ಲ.”

ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಎಲ್ಲೂ ನಿಲ್ಲಲಿಲ್ಲ. ಎಲ್ಲಾದರೂ ನಿಂತೀತೇನೋ ಎಂದು ನಾನು ಕಾದೆ, ನಿಲ್ಲಲಿಲ್ಲ. ಎಷ್ಟು ದಿನದಿಂದ ಈ ಮಾತನ್ನು ಅವಳು ಪ್ರತಿ ಸಲವೂ ಕಡೆಯವರೆಗೂ ಹೇಳಿ ಮುಗಿಸಿ, ನನ್ನ ಕಡೆಯಿಂದ ಏನೂ ಬಾರದೆ, ಫೋಟೋ ಆದ ನನ್ನ ಮುಖವನ್ನು ನೋಡುತ್ತಾ ಕೂತಿದ್ದಳೋ. “ದೇವೀರಿ, ಪೋಸ್ಟ್‌ಮ್ಯಾನ್ ಬಂದ್ರೆ ಬಾಗಿಲು ತೆಗಿ” ಎಂದಷ್ಟೇ ಹೇಳಿ ಎದ್ದೆ.

ಜಗಲಿಯ ಮೇಲಿನ ಲಕೋಟೆ ತೆಗೆದುಕೊಂಡೆ. ಬಿಸಿಲು ಬೀದಿಯ ಆ ತುದಿಗೆ ಹೋಗಿತ್ತು. ಪುಟ್ಟತಾಯಿ ತನ್ನ ಜಗಲಿಯಲ್ಲಿ ಲಗ್ನಪತ್ರಿಕೆಗಳಿಗೆ ಹೆಸರು ಬರೆಯುತ್ತಾ ಕೂತಿದ್ದವಳು ಕೈ ಚಾಚಿದಳು. “ತತ್ತಾ, ದೇವರ ಮನೇಲೇ ಇಡ್ತೀನಿ.”

“ಇದು ಇಡೋದಲ್ಲ ತಾಯಿ. ಕಳಿಸೋದು.”

ಅವಳು ವಿಳಾಸ ನೋಡಿದಳು, ನನ್ನ ನೋಡಿದಳು. ಬಾಡಿಗೆ ಕೋಣೆ ಬಿಟ್ಟು ದೇವೀರಿ ಹೊರಟ ದಿನ ಬಸ್ಸಿನ ಹತ್ತಿರ ಅವಳೂ ಇದ್ದಳು. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿಕೊಂಡಿದ್ದು, “ಹಂಗಾದ್ರೆ ನನ್ನ ಒರಳು?” ಎಂದಳು.

“ಬೇರೆ ಕಡೆ ನೋಡ್ಕೊ. ಅರ್ಧ ಜಾಗ ಹೋಯ್ತು.”

“ಮಿಕ್ಕಿದ್ದರ್ಧಕ್ಕೆ ರುಬ್ಬೋ ಗುಂಡಾದ್ರೂ ಇಟ್ಕೊಳ್ಳಕ್ಕ?”

“ಅದು ಖಾಲಿ ಇಲ್ಲ” ಎಂದೆ. ಅವಳಿಗೂ ನಗು ಬಂತು, ನನಗೂ ಬಂತು. “ಆಷಾಢದಲ್ಲಿ ಗಾಳಿ ಜೋರು ಬಿಟ್ರೆ ಕೂಗು. ಅರ್ಧ ಹಿಡ್ಕೊಳ್ಳೋಕೆ ನಾನೊಬ್ಬಳು ಸಾಕು” ಎಂದಳು. ಅದಕ್ಕೆ ಅವಳು ತಕ್ಕ ಆಳೇ.

ಅವಳ ಪೆನ್ನು ಇಸಿದುಕೊಂಡೆ. ಮನೆಯಿಂದ ಬರುವಾಗಲೇ ನೆನಪಾಗಿತ್ತು, ಒಳಗೆ ‘ಸ್ವಲ್ಪ ತಡಿ’ ಎಂದ ಹಾಳೆಯೂ ಇದೆ. ಬಿಚ್ಚಿ ತೆಗೆದರೆ ತೂಕ ತಪ್ಪುತ್ತದೆ. ಜಗಲಿಯ ಕಂಬಕ್ಕೆ ಲಕೋಟೆ ಒತ್ತಿ ಹಿಡಿದು, ಗಂಟು ನೋಯುತ್ತಿದ್ದ ಬೆರಳುಗಳಿಂದ ಅದರ ಬೆನ್ನ ಮೇಲೆ ಹಪ್ಪಳದಷ್ಟು ಅಗಲದ ಅಕ್ಷರದಲ್ಲಿ ಬರೆದೆ: ‘ಎರಡನೆಯ ಹಾಳೆ ಓದಬೇಡ.’

ಅಂಚೆಡಬ್ಬಿ ಬಸ್ಸು ನಿಲ್ಲುವ ಕಡೆ, ಹೊಂಗೆಮರದ ಬುಡದಲ್ಲಿದೆ. ಅದರ ಬಾಯಿಗೆ ಲಕೋಟೆ ದಪ್ಪವಾಯಿತು. ಅರ್ಧ ಹೋಗಿ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದುಕೊಳ್ಳಬಹುದಾಗಿತ್ತು. ಸೊಂಟದಿಂದ ಬಾಚಣಿಗೆ ತೆಗೆದು, ಅದರ ಬೆನ್ನಿನಿಂದ ಮೆಲ್ಲಗೆ ಒಳಕ್ಕೆ ದೂಡಿದೆ. ಬಿತ್ತು. ಸದ್ದು ಬಹಳವೇನೂ ಆಗಲಿಲ್ಲ, ಅಂಥದೇ ಇನ್ನೊಂದು ಬಾಚಣಿಗೆ ಬಿದ್ದಷ್ಟು.